ಸಿನಿಮಾಕ್ಕೆ ಮುಂಚೆ ಬರುತ್ತಿದ್ದ ಸರ್ಕಾರಿ ರೀಲು ಮತ್ತು ಎಜ್ರಾ ಮೀರ್

ಟೂರಿಂಗ್ ಟಾಕೀಸಿನ ಕಾಲದವರನ್ನು ಕೇಳಿ ನೋಡಿ. ಸಿನಿಮಾಕ್ಕೆ ಹತ್ತು ನಿಮಿಷ ತಡವಾದರೂ ಅವರು ಗಾಬರಿಯಾಗುತ್ತಿರಲಿಲ್ಲ. ‘ಇನ್ನೂ ನ್ಯೂಸ್ ರೀಲ್ ಓಡ್ತಿದೆ, ಪಿಕ್ಚರ್ ಶುರುವಾಗಿಲ್ಲ’ ಎಂಬ ಧೈರ್ಯ ಇರುತ್ತಿತ್ತು. ಗಾಂಧಿ ಕ್ಲಾಸಿನಲ್ಲಿ ನೆಲದ ಮೇಲೆ ಕೂತವರಿಗೂ ಹಿಂದೆ ಕುರ್ಚಿಯಲ್ಲಿ ಕೂತವರಿಗೂ ಅದೇ ರೀಲು. ಎಲ್ಲೋ ಕಟ್ಟುತ್ತಿರುವ ಅಣೆಕಟ್ಟು, ಸಿಡುಬಿನ ಲಸಿಕೆ, ಪ್ರವಾಹ, ಮಂತ್ರಿಗಳ ಉದ್ಘಾಟನೆ. ಅದರ ಮೇಲೆ ಒಬ್ಬರ ಗಂಭೀರ ದನಿ. ಅದಾದ ಮೇಲೇ ರಾಜ್‌ಕುಮಾರ್ ಬರುತ್ತಿದ್ದದ್ದು.

ಆ ರೀಲನ್ನು ಥಿಯೇಟರಿನವರು ಇಷ್ಟಪಟ್ಟು ಹಾಕುತ್ತಿರಲಿಲ್ಲ. ಹಾಕಲೇಬೇಕು ಎಂದು ಕಾನೂನಿತ್ತು. ಹಾಕಿದ್ದಕ್ಕೆ ಅವರೇ ಸರ್ಕಾರಕ್ಕೆ ಬಾಡಿಗೆಯನ್ನೂ ಕೊಡಬೇಕಿತ್ತು. ಈ ಏರ್ಪಾಡನ್ನು ಸ್ವತಂತ್ರ ಭಾರತ ಹೊಸದಾಗಿ ಕಂಡುಹಿಡಿದದ್ದು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಇದು ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ತಮ್ಮ ಪ್ರಚಾರಕ್ಕಾಗಿ ಮಾಡಿಕೊಂಡಿದ್ದ ಏರ್ಪಾಡು. ನಮ್ಮವರು 1946ರಲ್ಲಿ ಅದನ್ನು ಮುಚ್ಚಿಸಿದರು, 1948ರಲ್ಲಿ ಮತ್ತೆ ತೆರೆದರು. ಬ್ರಿಟಿಷರ ಕಾಲದಲ್ಲಿ ಅದರ ನಿರ್ಮಾಣ ನೋಡಿಕೊಂಡವರೂ, ಸ್ವಾತಂತ್ರ್ಯದ ನಂತರ 1956ರಿಂದ 1961ರವರೆಗೆ ಅದರ ಮುಖ್ಯ ನಿರ್ಮಾಪಕರಾಗಿದ್ದವರೂ ಒಬ್ಬರೇ. ಕಲ್ಕತ್ತೆಯ ಯಹೂದಿ ಎಜ್ರಾ ಮೀರ್. ಅವರ ಬದುಕನ್ನು ಹಿಂಬಾಲಿಸಿದರೆ ಸರ್ಕಾರ ಯಾಕೆ ಸಿನಿಮಾ ಮಾಡುತ್ತಿತ್ತು, ಹೇಗೆ ಮಾಡುತ್ತಿತ್ತು, ಅದರಿಂದ ಏನು ಸಿಕ್ಕಿತು, ಏನು ಕಳೆದುಹೋಯಿತು ಎನ್ನುವುದೆಲ್ಲ ಅರ್ಥವಾಗುತ್ತದೆ.

ಹುಟ್ಟಿದ್ದು 1903ರ ಅಕ್ಟೋಬರ್ 26ರಂದು, ಕಲ್ಕತ್ತೆಯಲ್ಲಿ. ಮನೆಯವರಿಟ್ಟ ಹೆಸರು ಎಡ್ವಿನ್ ಮೈಯರ್ಸ್. ಎಜ್ರಾ ಮೀರ್ ಎನ್ನುವುದು ಆಮೇಲೆ ಇಟ್ಟುಕೊಂಡದ್ದು. ಅವರು ಸೇರಿದ್ದು ಬಾಗ್ದಾದಿ ಯಹೂದಿಗಳು ಎಂದು ಕರೆಯುವ ಸಮುದಾಯಕ್ಕೆ. ಹೆಸರು ಬಾಗ್ದಾದಿ ಆದರೂ ಎಲ್ಲರೂ ಬಾಗ್ದಾದಿನವರಲ್ಲ. ಬಾಸ್ರಾ, ಅಲೆಪ್ಪೊ ಮುಂತಾದ ಊರುಗಳಿಂದ ವ್ಯಾಪಾರಕ್ಕೆಂದು ಬಂದವರೂ ಇದ್ದರು. ಕಲ್ಕತ್ತೆಗೆ ಮೊದಲು ಬಂದು ನೆಲೆಸಿದ ಶಾಲೋಮ್ ಕೋಹೆನ್ ಅಲೆಪ್ಪೊದವರು, ಬಂದದ್ದು 1798ರಲ್ಲಿ. ಎಜ್ರಾ ಮೀರ್ ಹುಟ್ಟುವ ಹೊತ್ತಿಗೆ ಈ ಜನ ಆ ಊರಿನಲ್ಲಿ ಗಟ್ಟಿಯಾಗಿ ಬೇರೂರಿದ್ದರು. ಎತ್ತರದ ಗೋಪುರದ ಮಾಘೆನ್ ಡೇವಿಡ್ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, 1884ರದ್ದು. ನ್ಯೂ ಮಾರ್ಕೆಟಿನ ನಹೂಮ್ ಬೇಕರಿ 1902ರದ್ದು. ಆ ಬೇಕರಿ ಇವತ್ತಿಗೂ ಇದೆ. ಸಮುದಾಯ ಮಾತ್ರ ಹೆಚ್ಚು ಕಡಿಮೆ ಖಾಲಿಯಾಗಿದೆ. 1947ರ ನಂತರ ಬಹುಪಾಲು ಜನ ಇಂಗ್ಲೆಂಡ್, ಆಸ್ಟ್ರೇಲಿಯಾ, ಇಸ್ರೇಲ್ ಎಂದು ಹೊರಟುಹೋದರು. ಎಜ್ರಾ ಮೀರ್ ಇಲ್ಲೇ ಉಳಿದರು.

ಯಹೂದಿಯೊಬ್ಬ ನಮ್ಮ ಸಿನಿಮಾಕ್ಕೆ ಹೇಗೆ ಬಂದ ಎಂದು ಅಚ್ಚರಿಪಡಬೇಕಿಲ್ಲ. ಆ ಕಾಲದಲ್ಲಿ ಮನೆಮಂದಿ ಒಪ್ಪುವ ಕೆಲಸ ಅದಾಗಿರಲಿಲ್ಲ. ಹೆಣ್ಣುಮಕ್ಕಳು ಬಣ್ಣ ಹಚ್ಚುವುದಂತೂ ದೂರದ ಮಾತು. ಇಂಗ್ಲಿಷ್ ಶಾಲೆಯಲ್ಲಿ ಓದಿದ, ಮನೆಯಿಂದ ಹೊರಗೆ ದುಡಿಯಲು ಅಷ್ಟು ಅಡ್ಡಿ ಇಲ್ಲದ ಯಹೂದಿ ಮತ್ತು ಆಂಗ್ಲೋ ಇಂಡಿಯನ್ ಹುಡುಗಿಯರು ಆ ಜಾಗಕ್ಕೆ ಬಂದರು. ಮೂಕಿ ಕಾಲದ ದೊಡ್ಡ ತಾರೆ ಸುಲೋಚನಾ ಅವರ ನಿಜವಾದ ಹೆಸರು ರೂಬಿ ಮೈಯರ್ಸ್. 1947ರ ಮಿಸ್ ಇಂಡಿಯಾ ಪ್ರಮೀಳಾ ಎಂದರೆ ಎಸ್ತರ್ ಅಬ್ರಹಾಂ. ನಾದಿರಾ ಎಂದರೆ ಫ್ಲಾರೆನ್ಸ್ ಎಜೆಕಿಯೆಲ್. ಭಾರತದ ಮೊದಲ ಟಾಕಿ ‘ಆಲಂ ಆರಾ’ ಬರೆದ ಜೋಸೆಫ್ ಡೇವಿಡ್ ಕೂಡ ಯಹೂದಿಯೇ.

ಎಜ್ರಾ ಮೀರ್ ಶುರುಮಾಡಿದ್ದು ನಾಟಕದಿಂದ, ಕಲ್ಕತ್ತೆಯ ಮದನ್ ಥಿಯೇಟರ್ಸ್ ಕಂಪನಿಯಲ್ಲಿ ನಟನಾಗಿ. 1920ರ ದಶಕದಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ನಟಿಸಿದರು, ಆಮೇಲೆ ಎಡಿಟಿಂಗ್ ಕಲಿತರು. ಮುಂದಿನ ಬದುಕಿಗೆ ಹೆಚ್ಚು ನೆರವಾದದ್ದು ಈ ಎಡಿಟಿಂಗೇ ಎಂದು ನನಗನ್ನಿಸುತ್ತದೆ. ಸಾಕ್ಷ್ಯಚಿತ್ರ ಹುಟ್ಟುವುದೇ ಎಡಿಟಿಂಗ್ ಟೇಬಲ್ ಮೇಲೆ. ಇಲ್ಲಿಗೆ ವಾಪಸಾದ ಮೇಲೆ 1931ರಲ್ಲಿ ಇಂಪೀರಿಯಲ್ ಕಂಪನಿಗಾಗಿ ‘ನೂರ್‌ಜಹಾನ್’ ನಿರ್ದೇಶಿಸಿದರು. 1932ರಲ್ಲಿ ಜುಬೇದಾ ನಟಿಸಿದ ‘ಜರೀನಾ’ ಬಂತು. ಅದರಲ್ಲಿದ್ದ ಚುಂಬನದ ದೃಶ್ಯಗಳಿಗೆ ದೊಡ್ಡ ಗಲಾಟೆಯೇ ಆಯಿತು. ಮೂವತ್ತರ ದಶಕವೆಲ್ಲ ಹೀಗೆ ಕಥಾಚಿತ್ರಗಳಲ್ಲಿ ಕಳೆಯಿತು. ಅಲ್ಲಿಗೇ ನಿಂತಿದ್ದರೆ ಅವರು ಆ ಕಾಲದ ಹತ್ತಾರು ನಿರ್ದೇಶಕರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರು.

ಅಷ್ಟರಲ್ಲಿ ಯುದ್ಧ ಬಂತು.

1939ರಲ್ಲಿ ವೈಸರಾಯ್ ಭಾರತೀಯರನ್ನು ಒಂದು ಮಾತೂ ಕೇಳದೆ ಭಾರತವನ್ನು ಯುದ್ಧಕ್ಕೆ ಸೇರಿಸಿದರು. ಪ್ರಾಂತ್ಯಗಳಲ್ಲಿದ್ದ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು. ಈಗ ಬ್ರಿಟಿಷರಿಗೆ ಸಿಪಾಯಿಗಳು ಬೇಕು, ದುಡ್ಡು ಬೇಕು, ಜನರ ಬೆಂಬಲವೂ ಬೇಕು. ಜನರಲ್ಲಿ ಬಹಳ ಮಂದಿಗೆ ಓದು ಬರಹ ಇಲ್ಲ. ಹಾಗಾಗಿ ಸಿನಿಮಾ. 1940ರಲ್ಲಿ ಬೊಂಬಾಯಿಯ ಚಿತ್ರ ನಿರ್ಮಾಪಕ ಜೆ.ಬಿ.ಎಚ್. ವಾಡಿಯಾ ಅಧ್ಯಕ್ಷತೆಯಲ್ಲಿ ಫಿಲ್ಮ್ ಅಡ್ವೈಸರಿ ಬೋರ್ಡ್ ಎಂಬುದನ್ನು ಮಾಡಿದರು. ಚಿತ್ರ ತಯಾರಿಸಲು ಇಂಗ್ಲೆಂಡಿನಿಂದ ಅಲೆಕ್ಸಾಂಡರ್ ಶಾ ಬಂದರು, ಬೇಗ ವಾಪಸ್ ಹೋದರು. ವಿ. ಶಾಂತಾರಾಂ ಕೂಡ ಸ್ವಲ್ಪ ಕಾಲ ಆ ಜಾಗದಲ್ಲಿದ್ದು ಬಿಟ್ಟರು. 1943ರಲ್ಲಿ ಬೋರ್ಡಿನ ಜಾಗಕ್ಕೆ ಇನ್ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ ಬಂತು. ವಾರದ ಸುದ್ದಿಗೆ ಇಂಡಿಯನ್ ನ್ಯೂಸ್ ಪರೇಡ್ ಎಂಬ ಬೇರೆ ಘಟಕ. ಇನ್ಫರ್ಮೇಷನ್ ಫಿಲ್ಮ್ಸಿನ ನಿರ್ಮಾಣದ ಹೊಣೆ ಎಜ್ರಾ ಮೀರ್ ಅವರಿಗೆ ಬಂತು.

ಚಿತ್ರ ತಯಾರಿಸುವುದೇನೋ ಸರಿ. ಅದನ್ನು ನೋಡುವವರು ಯಾರು? ದುಡ್ಡು ಕೊಟ್ಟು ಬಂದವರಿಗೆ ಯುದ್ಧದ ಪ್ರಚಾರ ಬೇಡ, ಥಿಯೇಟರ್ ಮಾಲೀಕರಿಗೂ ಬೇಡ. ಸರ್ಕಾರ ಇದಕ್ಕೆ ಕಾನೂನಿನ ದಾರಿ ಹಿಡಿಯಿತು. 1943ರ ಸೆಪ್ಟೆಂಬರಿನಲ್ಲಿ ಡಿಫೆನ್ಸ್ ಆಫ್ ಇಂಡಿಯಾ ನಿಯಮಗಳಿಗೆ 44ಎ ಎಂಬ ಹೊಸ ನಿಯಮ ಸೇರಿತು. ಪ್ರತಿ ಥಿಯೇಟರ್ ಪ್ರತಿ ಆಟದಲ್ಲೂ ಸರ್ಕಾರ ಒಪ್ಪಿದ 2,000 ಅಡಿ ಫಿಲ್ಮ್ ತೋರಿಸಬೇಕು.

ಈ 2,000 ಅಡಿ ಎಂದರೆ ಎಷ್ಟು ಹೊತ್ತು? ಥಿಯೇಟರಿನ 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಚೌಕಟ್ಟುಗಳು. ಟಾಕಿ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಂತೆ. ಅಂದರೆ ನಿಮಿಷಕ್ಕೆ 90 ಅಡಿ. 2,000 ಅಡಿ ಮುಗಿಯಲು 22 ನಿಮಿಷ ಬೇಕು. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ. ಆಮೇಲಿನ ನಮ್ಮ ಸರ್ಕಾರಿ ಸಾಕ್ಷ್ಯಚಿತ್ರಗಳು ಜಾಸ್ತಿ ಹತ್ತು ಹನ್ನೊಂದು ನಿಮಿಷದಲ್ಲೇ ಮುಗಿಯುತ್ತಿದ್ದುದು ಇದಕ್ಕೇ. ವಿಷಯ ಎಷ್ಟೇ ದೊಡ್ಡದಿರಲಿ, ಒಂದು ರೀಲಿಗೆ ಹಿಡಿಸಬೇಕು. ಒಂದು ನದಿ ಕಣಿವೆಯ ಯೋಜನೆಗೂ ಒಂದು ರೀಲು, ಒಂದು ಕುಶಲ ಕಲೆಗೂ ಒಂದು ರೀಲು.

ಥಿಯೇಟರಿನವರು ಒಪ್ಪದಿದ್ದರೆ ಲೈಸೆನ್ಸಿಗೆ ಕುತ್ತು. ಚಿತ್ರ ತಯಾರಕರಿಗೂ ಬೇರೆ ದಾರಿ ಇರಲಿಲ್ಲ. ಯುದ್ಧದಿಂದಾಗಿ ಕಚ್ಚಾ ಫಿಲ್ಮಿಗೆ ಬರ ಬಂದಿತ್ತು. ಇದ್ದದ್ದನ್ನು ಹಂಚುತ್ತಿದ್ದದ್ದು ಸರ್ಕಾರವೇ. ಕಥಾಚಿತ್ರ 11,000 ಅಡಿ ಮೀರಬಾರದು ಎಂಬ ಕಟ್ಟಳೆಯೂ ಬಂದಿತ್ತು. ಹೀಗೆ ಕಚ್ಚಾ ಮಾಲು, ಲೈಸೆನ್ಸು, ಪರದೆ ಮೂರೂ ಸರ್ಕಾರದ ಮುಷ್ಟಿಯಲ್ಲಿದ್ದವು.

ಇದೇ 1943ರಲ್ಲಿ ಎಜ್ರಾ ಮೀರ್ ಹುಟ್ಟಿದ ಊರಿನ ಸುತ್ತಮುತ್ತ ಬಂಗಾಳದ ಬರಗಾಲ. ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಅಂಥ ಹೊತ್ತಿನಲ್ಲಿ ಸರ್ಕಾರದ ರೀಲು ಹೇಳುವ ಮಾತನ್ನು ಜನ ನಂಬುವುದಾದರೂ ಹೇಗೆ? ಹೀಗಿದ್ದರೂ ಇನ್ಫರ್ಮೇಷನ್ ಫಿಲ್ಮ್ಸಿನಲ್ಲಿ ತಯಾರಾದದ್ದೆಲ್ಲ ಯುದ್ಧದ ಡಂಗುರವೇ ಆಗಿರಲಿಲ್ಲ. ನೃತ್ಯ, ಕೈಮಗ್ಗ, ಹಳ್ಳಿಯ ಕಸುಬು, ತೆಂಗಿನ ಮರ ಇಂಥವುಗಳ ಮೇಲೂ ಚಿತ್ರಗಳು ಬಂದವು. 1946ರ ಹೊತ್ತಿಗೆ ಒಟ್ಟು 170ಕ್ಕೂ ಹೆಚ್ಚು. ಭಾಷೆ ಐದು: ಇಂಗ್ಲಿಷ್, ಹಿಂದೂಸ್ತಾನಿ, ಬಂಗಾಳಿ, ತಮಿಳು, ತೆಲುಗು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ.

ಅಲ್ಲಿ ಕೆಲಸ ಮಾಡಿದವರ ವಿಷಯ ಇನ್ನೂ ದೊಡ್ಡದು. ಕಥಾಚಿತ್ರಗಳಲ್ಲಿ ಸೆಟ್ಟು, ಹಾಡು ಎಂದು ಪಳಗಿದ್ದವರು ಇಲ್ಲಿ ಕ್ಯಾಮೆರಾ ಹೊತ್ತು ಹೊಲಕ್ಕೆ, ಕಾರ್ಖಾನೆಗೆ ಹೋಗಬೇಕಾಯಿತು. ನಟರಲ್ಲದವರನ್ನು, ಅವರ ಕೈಕೆಲಸವನ್ನು, ಇರುವ ಬೆಳಕಿನಲ್ಲಿ ಹಿಡಿಯುವುದನ್ನು ಕಲಿತರು. ಒಂದು ವಿಚಿತ್ರ ಸಂಗತಿಯನ್ನೂ ಹೇಳಬೇಕು. ಜರ್ಮನಿಯ ಯುಎಫ್‌ಎ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದ ಪಾಲ್ ಜಿಲ್ಸ್ ಎಂಬವರು ಶತ್ರು ದೇಶದವರು ಎಂಬ ಕಾರಣಕ್ಕೆ ಭಾರತದಲ್ಲಿ ಬ್ರಿಟಿಷರ ಬಂಧನ ಶಿಬಿರದಲ್ಲಿದ್ದರು. 1945ರಲ್ಲಿ ಬಿಡುಗಡೆಯಾಗಿ ಅವರು ಇದೇ ಇನ್ಫರ್ಮೇಷನ್ ಫಿಲ್ಮ್ಸ್ ಸೇರಿದರು. ಯುರೋಪಿನಲ್ಲಿ ನಾಜಿಗಳು ಯಹೂದಿಗಳನ್ನು ಲಕ್ಷ ಲಕ್ಷ ಸಂಖ್ಯೆಯಲ್ಲಿ ಕೊಂದ ಯುದ್ಧ ಮುಗಿದ ವರ್ಷವೇ, ಬೊಂಬಾಯಿಯಲ್ಲಿ ಒಬ್ಬ ಜರ್ಮನ್ ನಿರ್ದೇಶಕ ಮತ್ತು ಒಬ್ಬ ಯಹೂದಿ ನಿರ್ಮಾಪಕ ಒಂದೇ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ಜಿಲ್ಸ್ ಮುಂದೆ ಫಾಲಿ ಬಿಲಿಮೋರಿಯಾ ಜೊತೆ ಸೇರಿ ಭಾರತದ ಸ್ವತಂತ್ರ ಸಾಕ್ಷ್ಯಚಿತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದರು.

1946ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಬಜೆಟ್ ಚರ್ಚೆ ಬಂತು. ರಾಷ್ಟ್ರೀಯ ಚಳವಳಿಯ ಸದಸ್ಯರಿಗೆ ಈ ಸಂಸ್ಥೆ ಎಂದರೆ ಬ್ರಿಟಿಷರ ತುತ್ತೂರಿ. ಅದಕ್ಕೆ ಇಟ್ಟಿದ್ದ ಅನುದಾನವನ್ನು ಒಂದು ರೂಪಾಯಿಗೆ ಇಳಿಸಿದರು. ಸರ್ಕಾರದ ಇಲಾಖೆಯೊಂದರ ಮೇಲೆ ನಮಗೆ ನಂಬಿಕೆ ಇಲ್ಲ ಎಂದು ಹೇಳುವ ಶಾಸನಸಭೆಯ ರೀತಿ ಅದು. ಸಂಸ್ಥೆ ಮುಚ್ಚಿತು, ಸಾಮಾನು ಸರಂಜಾಮು ಮಾರಾಟವಾಯಿತು.

ಅದರ ಪರಿಣಾಮ ಒಂದು ವರ್ಷದಲ್ಲೇ ಕಣ್ಣಿಗೆ ಬಿತ್ತು. 1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾದಾಗ ಅದನ್ನು ಚಿತ್ರೀಕರಿಸಲು ಭಾರತ ಸರ್ಕಾರದ ಬಳಿ ಒಂದು ಫಿಲ್ಮ್ ಘಟಕವೇ ಇರಲಿಲ್ಲ! ಅಂಬಾಲಾಲ್ ಪಟೇಲರಂಥ ಖಾಸಗಿಯವರು, ವಿದೇಶಿ ನ್ಯೂಸ್ ರೀಲ್ ಕಂಪನಿಗಳ ಕ್ಯಾಮೆರಾದವರು ಹಿಡಿದಿಟ್ಟದ್ದೇ ಇವತ್ತು ನಮಗೆ ಉಳಿದಿರುವುದು. ಪ್ರತಿ ಆಗಸ್ಟಿನಲ್ಲಿ ಟಿವಿಯಲ್ಲಿ ಕಾಣುವ ಆ ತುಣುಕುಗಳನ್ನು ನೋಡುವಾಗ ಇದು ನೆನಪಿರಲಿ. ವಿರೋಧಿಸಿದವರ ಕೋಪ ನ್ಯಾಯವಾದದ್ದೇ. ಆದರೆ ಬ್ರಿಟಿಷರ ಪ್ರಚಾರವನ್ನು ನಿಲ್ಲಿಸುವುದು ಬೇರೆ, ಕಸುಬು ಕಲಿತ ಜನರನ್ನು ಚದುರಿಸುವುದು ಬೇರೆ. ಆಗ ಎರಡೂ ಒಟ್ಟಿಗೇ ಆಗಿಹೋಯಿತು.

ಹೊಸ ಸರ್ಕಾರಕ್ಕೆ ಇದು ಬೇಗ ಗೊತ್ತಾಯಿತು. 1948ರಲ್ಲಿ ಬೊಂಬಾಯಿಯಲ್ಲಿ ಸರ್ಕಾರದ್ದೇ ಚಿತ್ರ ತಯಾರಿಕೆಯ ಸಂಸ್ಥೆ, ಫಿಲ್ಮ್ಸ್ ಡಿವಿಷನ್, ಶುರುವಾಯಿತು. ಮೊದಲ ಮುಖ್ಯ ನಿರ್ಮಾಪಕ ಎಜ್ರಾ ಮೀರ್ ಎಂದು ಕೆಲವೆಡೆ ಬರೆದಿರುತ್ತಾರೆ. ಅದು ತಪ್ಪು. ಮೊದಲಿದ್ದವರು ಮೋಹನ್ ಭವನಾನಿ. ಎಜ್ರಾ ಮೀರ್ ಆ ನಡುವೆ ಸ್ವಂತ ಕೆಲಸದಲ್ಲಿದ್ದರು. ಐವತ್ತರ ದಶಕದ ಮೊದಲಲ್ಲಿ ಕಾಶ್ಮೀರಕ್ಕೆ ಹೋಗಿ ‘ಪಂಪೋಶ್’ ಎಂಬ ಬಣ್ಣದ ಚಿತ್ರ ಮಾಡಿದರು. ಫಿಲ್ಮ್ಸ್ ಡಿವಿಷನ್ನಿನ ಮುಖ್ಯ ನಿರ್ಮಾಪಕರಾಗಿ ಬಂದದ್ದು 1956ರಲ್ಲಿ.

ಆ ವರ್ಷವೇ ಎರಡನೇ ಪಂಚವಾರ್ಷಿಕ ಯೋಜನೆಯೂ ಶುರುವಾಯಿತು. ಯೋಜನೆ ಮುಗಿದದ್ದು 1961ಕ್ಕೆ, ಅವರ ಅವಧಿಯೂ ಅಲ್ಲಿಗೇ. ಭಿಲಾಯ್, ರೂರ್ಕೆಲಾ, ದುರ್ಗಾಪುರದ ಉಕ್ಕಿನ ಕಾರ್ಖಾನೆಗಳು, ಭಾಖ್ರಾ ಅಣೆಕಟ್ಟು ಎದ್ದದ್ದು ಈ ವರ್ಷಗಳಲ್ಲೇ. 1957ರಲ್ಲಿ ಆಣೆ ಹೋಗಿ ನಯಾ ಪೈಸೆ ಬಂತು. ದೇಶದ ತುಂಬ ಜನರಿಗೆ ತಿಳಿಸಿ ಹೇಳಬೇಕಾದದ್ದು ರಾಶಿ ಇತ್ತು. ಟಿವಿ ಇನ್ನೂ ಜನರಿಗೆ ಮುಟ್ಟಿರಲಿಲ್ಲ. ರೇಡಿಯೋ ಕೆಲವರ ಮನೆಯಲ್ಲಿ ಮಾತ್ರ. ಸಿನಿಮಾ ಪರದೆ ಒಂದೇ ಎಲ್ಲರೂ ಕೂತು ನೋಡುವ ಜಾಗ.

ಮುಖ್ಯ ನಿರ್ಮಾಪಕನ ಕೆಲಸ ಏನು? ಕಥಾಚಿತ್ರದ ನಿರ್ಮಾಪಕ ದುಡ್ಡು ಹಾಕುವವನು. ಇಲ್ಲಿ ಹಾಗಲ್ಲ, ದುಡ್ಡು ಸರ್ಕಾರದ್ದು. ಒಂದೊಂದು ಸಚಿವಾಲಯವೂ ತನಗೆ ಬೇಕಾದ ವಿಷಯ ಕಳಿಸುತ್ತದೆ. ಆರೋಗ್ಯದವರಿಗೆ ಮಲೇರಿಯಾ ಬೇಕು, ಕೃಷಿಯವರಿಗೆ ಗೊಬ್ಬರ ಬೇಕು, ರೈಲ್ವೆಯವರಿಗೆ ಸೇತುವೆ ಬೇಕು. ಅದರಲ್ಲಿ ಯಾವುದು ಚಿತ್ರವಾಗುತ್ತದೆ, ಯಾವುದು ಬರೀ ಭಾಷಣವಾಗುತ್ತದೆ ಎಂದು ನೋಡಬೇಕು. ನಿರ್ದೇಶಕರನ್ನು ಆರಿಸಬೇಕು. ಸ್ಕ್ರಿಪ್ಟ್ ಓದಿ ಇಲಾಖೆಯ ಒಪ್ಪಿಗೆ ಪಡೆಯಬೇಕು. ಶೂಟ್ ಆಗಿ ಬಂದ ಫಿಲ್ಮ್ ನೋಡಿ ಇದು ಸಾಕು, ಇದು ಸಾಲದು ಎನ್ನಬೇಕು. ಕಾಮೆಂಟರಿ ಬರೆಸಿ, ಬೇರೆ ಬೇರೆ ಭಾಷೆಯಲ್ಲಿ ಓದಿಸಿ, ಸಂಗೀತ ಸೇರಿಸಿ, ಸೆನ್ಸಾರ್ ಮಾಡಿಸಬೇಕು. ಇಷ್ಟೂ ಆಗಿ ವಾರಕ್ಕೆ ಒಂದು ಸಾಕ್ಷ್ಯಚಿತ್ರ, ಒಂದು ನ್ಯೂಸ್ ರೀಲ್ ಹೊರಗೆ ಬರಲೇಬೇಕು. ಮುಂದಿನ ವಾರಕ್ಕೆ ಹಾಕೋಣ ಎನ್ನುವ ಹಾಗಿಲ್ಲ. ದೇಶದ ಥಿಯೇಟರುಗಳೆಲ್ಲ ಕಾಯುತ್ತಿರುತ್ತವೆ.

ಭಾಷೆಗಳು ಹೆಚ್ಚುತ್ತಾ ಹೋಗಿ ಕನ್ನಡವೂ ಸೇರಿತು. ಚಿತ್ರ ಒಂದೇ, ದನಿ ಮಾತ್ರ ಬೇರೆ. ಭಾಖ್ರಾ ಅಣೆಕಟ್ಟನ್ನು ಪಂಜಾಬಿನವರು ನೋಡಿದ ಹಾಗೆಯೇ ಹಾಸನದವರೂ ನೋಡಿದರು. ಒಂದು ದೇಶ ಎಂಬ ಕಲ್ಪನೆ ಜನರ ಮನಸ್ಸಿನಲ್ಲಿ ಕೂತದ್ದರಲ್ಲಿ ಈ ರೀಲುಗಳ ಪಾಲು ಸಣ್ಣದಲ್ಲ ಎಂದೇ ನಾನು ನಂಬಿದ್ದೇನೆ.

ಹಂಚಿಕೆಯೂ ಅಷ್ಟೇ ಕಷ್ಟದ ಕೆಲಸ. ಥಿಯೇಟರಿಗೊಂದು ಪ್ರಿಂಟ್ ಹಾಕಿಸುವಷ್ಟು ದುಡ್ಡು ಯಾರ ಹತ್ತಿರ ಇದೆ? ಪ್ರಿಂಟುಗಳು ದೊಡ್ಡ ಊರಿನ ಥಿಯೇಟರಿನಿಂದ ಸಣ್ಣ ಊರಿನ ಥಿಯೇಟರಿಗೆ ಸರದಿಯಲ್ಲಿ ಸಾಗುತ್ತಿದ್ದವು. ಕೊನೆಯ ಟೂರಿಂಗ್ ಟಾಕೀಸಿಗೆ ಬರುವ ಹೊತ್ತಿಗೆ ಸುದ್ದಿ ಹಳೆಯದಾಗಿ, ಫಿಲ್ಮಿನ ತುಂಬ ಗೀರು ಬಿದ್ದಿರುತ್ತಿತ್ತು. ಥಿಯೇಟರ್ ಇಲ್ಲದ ಹಳ್ಳಿಗೆ 16 ಎಂಎಂ ಪ್ರೊಜೆಕ್ಟರ್ ಇದ್ದ ವ್ಯಾನುಗಳು ಹೋಗುತ್ತಿದ್ದವು. ಯುದ್ಧಕಾಲದ ಕಡ್ಡಾಯ ಈಗ ಥಿಯೇಟರ್ ಲೈಸೆನ್ಸಿನ ಷರತ್ತಾಗಿ, 1952ರ ಸಿನಿಮಾಟೊಗ್ರಾಫ್ ಕಾಯ್ದೆಯ ಭಾಗವಾಗಿ ಮುಂದುವರಿದಿತ್ತು. ಬಾಡಿಗೆಯೂ ಮುಂದುವರಿಯಿತು. ಮುಂದೆ ಅದು ನಿವ್ವಳ ಗಳಿಕೆಯ ಶೇ. 1 ಎಂದು ನಿಂತಿತು. ಥಿಯೇಟರಿನವರು ಕೋರ್ಟಿಗೆ ಹೋದರು. 1999ರಲ್ಲಿ ಸುಪ್ರೀಂ ಕೋರ್ಟ್ ಕಡ್ಡಾಯವನ್ನೇ ಎತ್ತಿಹಿಡಿಯಿತು.

ಎಜ್ರಾ ಮೀರ್ ಅವಧಿಯಲ್ಲಿ ನನಗೆ ಬಹಳ ಇಷ್ಟವಾದದ್ದು ಯೋಜನೆಯ ಚಿತ್ರಗಳಲ್ಲ. 1956ರಲ್ಲಿ ಫಿಲ್ಮ್ಸ್ ಡಿವಿಷನ್ನಿನಲ್ಲಿ ಕಾರ್ಟೂನ್ ಘಟಕ ಶುರುವಾಯಿತು. ಕಲಿಸಲು ಡಿಸ್ನಿ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಬಂದರು. ಅವರು ಹುಟ್ಟಿದ್ದೂ ಭಾರತದಲ್ಲೇ, ಮಿಷನರಿ ದಂಪತಿಯ ಮಗನಾಗಿ. 1957ರಲ್ಲಿ ಜಾತಕ ಕತೆಯೊಂದನ್ನು ಆಧರಿಸಿ ‘ದಿ ಬನ್ಯನ್ ಡೀರ್’ ಎಂಬ ಅನಿಮೇಷನ್ ಚಿತ್ರ ತಯಾರಾಯಿತು. ಮುಂದೆ ಭಾರತದ ಅನಿಮೇಷನ್ನಿನಲ್ಲಿ ಹೆಸರು ಮಾಡಿದವರು ಈ ಘಟಕದಲ್ಲಿ ಕೈ ಪಳಗಿಸಿಕೊಂಡವರು. ಆ ದಶಕದ ಕೊನೆಗೆ ಜೀನ್ ಭೌನಗರಿ ಅವರು ಪಹಾಡಿ ಚಿತ್ರಕಲೆಯನ್ನೇ ಇಟ್ಟುಕೊಂಡು ರಾಧಾ ಕೃಷ್ಣರ ಕತೆ ಹೇಳಿದರು. ಕ್ಯಾಮೆರಾ ಆ ಪುಟ್ಟ ಚಿತ್ರಗಳ ಹತ್ತಿರ ಹೋಗುತ್ತದೆ. ಒಂದು ಕಣ್ಣು, ಒಂದು ಕೊಂಬೆ, ಮಳೆಯ ಗೆರೆ ಪರದೆ ತುಂಬುತ್ತದೆ. ಮೊಬೈಲಿನಷ್ಟು ಸಣ್ಣ ಚಿತ್ರ ಊರಿಗೂರೇ ಕೂತು ನೋಡುವ ಚಿತ್ರವಾಗುತ್ತದೆ. ಸರ್ಕಾರಿ ಕಚೇರಿಯೊಂದರಿಂದ ಇಂಥದ್ದು ಬಂತಲ್ಲ!

ತಪ್ಪುಗಳೂ ಇದ್ದವು, ಅವು ಸಣ್ಣವಲ್ಲ. ಕಥಾಚಿತ್ರಕ್ಕೆ ಮುಂಚಿನ ಪರದೆಯ ಹೊತ್ತೆಲ್ಲ ಸರ್ಕಾರದ ವಶದಲ್ಲಿದ್ದ ಕಾರಣ ಸ್ವತಂತ್ರವಾಗಿ ಸಾಕ್ಷ್ಯಚಿತ್ರ ಮಾಡುವವರಿಗೆ ಥಿಯೇಟರ್ ಸಿಗುತ್ತಲೇ ಇರಲಿಲ್ಲ. ಫಿಲ್ಮ್ಸ್ ಡಿವಿಷನ್ನಿಗೆ ಮಾಡಿಕೊಡಬೇಕು, ಇಲ್ಲವೇ ಬರ್ಮಾ ಶೆಲ್‌ನಂಥ ತೈಲ ಕಂಪನಿಗೆ. ಹೊರಗಿನವರಿಗೆ ಕೆಲಸ ಕೊಡುವಾಗ ಟೆಂಡರ್ ಕರೆಯುತ್ತಿದ್ದರು, ಕಡಿಮೆ ಬೆಲೆ ಹೇಳಿದವರಿಗೆ ಚಿತ್ರ. ರಸ್ತೆ ಗುತ್ತಿಗೆಯ ಹಾಗೆ ಸಿನಿಮಾ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಇನ್ನು ಆ ದನಿ. ಇಂಗ್ಲಿಷಿನಲ್ಲಿ ರೊಮೇಶ್ ಥಾಪರ್, ಜುಲ್ ವೆಲ್ಲಾನಿ ಅವರ ಕಂಠ ಅದ್ಭುತವಾಗಿತ್ತು. ಆದರೆ ಪರದೆ ಮೇಲಿನ ರೈತ, ಕೂಲಿ, ತಾಯಿ ಯಾರೂ ಮಾತಾಡುವುದಿಲ್ಲ. ಅವರ ಪರವಾಗಿ ಎಲ್ಲವನ್ನೂ ಆ ದನಿಯೇ ಹೇಳುತ್ತದೆ. ಆಗಿನ ಸೌಂಡ್ ರೆಕಾರ್ಡಿಂಗ್ ಯಂತ್ರಗಳು ಭಾರ, ಹೊಲಕ್ಕೆ ಒಯ್ಯುವುದು ಕಷ್ಟ ಎನ್ನುವುದು ನಿಜ. ಆದರೆ ಅಣೆಕಟ್ಟಿನಿಂದ ಮನೆ ಕಳೆದುಕೊಂಡವನಿಗೆ ಮೈಕ್ ಕೊಡುವ ಇಷ್ಟವೂ ಸರ್ಕಾರಕ್ಕೆ ಇರಲಿಲ್ಲ. ಅವರ ಮಾತು ಕೇಳಿಸಲು ಮುಂದಿನ ತಲೆಮಾರಿನ ಸ್ವತಂತ್ರ ನಿರ್ದೇಶಕರೇ ಬರಬೇಕಾಯಿತು.

ಫಿಲ್ಮ್ಸ್ ಡಿವಿಷನ್ ಬಿಟ್ಟ ಮೇಲೆ ಎಜ್ರಾ ಮೀರ್ ಚಿಲ್ಡ್ರನ್ಸ್ ಫಿಲ್ಮ್ ಸೊಸೈಟಿಗಾಗಿ ‘ರಾಜು ಔರ್ ಗಂಗಾರಾಂ’ ಎಂಬ ಮಕ್ಕಳ ಚಿತ್ರ ಮಾಡಿದರು. 1970ರಲ್ಲಿ ಪದ್ಮಶ್ರೀ ಬಂತು. 1993ರ ಮಾರ್ಚ್ 7ರಂದು ಮುಂಬೈಯಲ್ಲಿ ತೀರಿಕೊಂಡರು. ಭಾರತೀಯ ಸಾಕ್ಷ್ಯಚಿತ್ರ ನಿರ್ಮಾಪಕರ ಸಂಘ ಕೊಡುವ ಜೀವಮಾನ ಸಾಧನೆ ಪ್ರಶಸ್ತಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಅವರ ಬಗ್ಗೆ ಬರೆದಲ್ಲೆಲ್ಲ 700ಕ್ಕೂ ಹೆಚ್ಚು ಚಿತ್ರಗಳು ಎಂಬ ಲೆಕ್ಕ ಸಿಗುತ್ತದೆ. ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. 700 ಚಿತ್ರಗಳನ್ನು ಒಬ್ಬರೇ ನಿರ್ದೇಶಿಸಲು ಆಗುವುದಿಲ್ಲ. ಅವರು ಹೊಣೆ ಹೊತ್ತು, ನೋಡಿ, ತಿದ್ದಿ ಹೊರಗೆ ಕಳಿಸಿದ ಚಿತ್ರಗಳ ಲೆಕ್ಕ ಅದು. ನಿರ್ದೇಶಕ ಬೇರೆ, ಕ್ಯಾಮೆರಾ ಬೇರೆ, ಬರೆದವರು ಬೇರೆ.

ಈಗಿನ ಸ್ಥಿತಿಯನ್ನೂ ಹೇಳಬೇಕು. 2022ರಲ್ಲಿ ಫಿಲ್ಮ್ಸ್ ಡಿವಿಷನ್ನನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಜೊತೆ ವಿಲೀನ ಮಾಡಿದರು. ಅದರ ಭಂಡಾರದಲ್ಲಿ 8,000ಕ್ಕೂ ಹೆಚ್ಚು ಚಿತ್ರಗಳಿವೆ. ಲಾಭ ನೋಡಬೇಕಾದ ನಿಗಮದ ಕೈಗೆ ಜನರ ಆಸ್ತಿಯಾದ ಭಂಡಾರ ಹೋದರೆ ಅದರ ಗತಿ ಏನು ಎಂದು ಚಿತ್ರ ನಿರ್ದೇಶಕರು, ವಿದ್ವಾಂಸರು ಬಹಿರಂಗವಾಗಿ ಕೇಳಿದರು. ಕೇಳಬೇಕಾದದ್ದೇ. 1946ರಲ್ಲಿ ಒಮ್ಮೆ ಚದುರಿಹೋದದ್ದರ ನಷ್ಟ ನಮಗೆ ಗೊತ್ತಿದೆ. ಮುಂಬೈಯ ಪೆಡ್ಡರ್ ರೋಡಿಗೆ ಹೋದರೆ ಆ ಆವರಣದ ಗುಲ್ಷನ್ ಮಹಲಿನಲ್ಲಿ ಸಿನಿಮಾ ಮ್ಯೂಸಿಯಂ ನೋಡಬಹುದು. ಹೋಗಲಾಗದವರಿಗೆ ಫಿಲ್ಮ್ಸ್ ಡಿವಿಷನ್ನಿನ ಎಷ್ಟೋ ಚಿತ್ರಗಳು ಯೂಟ್ಯೂಬಿನಲ್ಲಿ ಸುಮ್ನೆ ಸಿಗುತ್ತವೆ. ಐವತ್ತರ ದಶಕದ ಕೊನೆಯ ಒಂದನ್ನು ಹಾಕಿ. ಟೈಟಲ್ ಕಾರ್ಡಿನಲ್ಲಿ ನಿರ್ಮಾಪಕರ ಹೆಸರಿನ ಜೊತೆಗೆ ಬರುವ ಕ್ಯಾಮೆರಾ, ಎಡಿಟಿಂಗ್, ಸೌಂಡ್ ಮಾಡಿದವರ ಹೆಸರುಗಳನ್ನೂ ಓದಿ. ಆಮೇಲೆ ಒಮ್ಮೆ ದನಿ ಮ್ಯೂಟ್ ಮಾಡಿ ಬರೀ ಚಿತ್ರ ನೋಡಿ. ಕಾಮೆಂಟರಿ ಹೇಳದ ಎಷ್ಟೋ ವಿಷಯ ಆ ಮುಖಗಳಲ್ಲಿ, ಆ ಕೈಗಳಲ್ಲಿ ಕಾಣುತ್ತದೆ.